ಕಸದ ದುಡ್ಡಿನ ಹಾಕಿ ತಂಡ: ಡ್ಯಾನ್‌ಬರಿ ಟ್ರ್ಯಾಷರ್ಸ್ ಪ್ರಕರಣ

ಕಾಲೇಜು ಮೆಟ್ಟಿಲು ಹತ್ತಿದ ಮಗನಿಗೆ ಅಪ್ಪ ಬೈಕ್ ಕೊಡಿಸುವುದು ನಮ್ಮ ಕಡೆ ಇದ್ದದ್ದೇ. ಅಮೆರಿಕದ ಜೇಮ್ಸ್ ಗಲಾಂಟೆ 17 ವರ್ಷದ ಮಗನಿಗೆ ಒಂದು ಐಸ್ ಹಾಕಿ ತಂಡವನ್ನೇ ಕೊಡಿಸಿದ. ಹುಡುಗರು ಸೇರಿ ಕಟ್ಟಿಕೊಂಡ ಬೀದಿ ತಂಡ ಅಲ್ಲ. ಸಂಬಳ ತಗೊಂಡು ಆಡುವವರ, ಹಲ್ಲು ಉದುರಿದ, ಮೂಗು ಸೊಟ್ಟಗಾದ ಗಂಡಸರ ವೃತ್ತಿಪರ ತಂಡ. ಮಗ ಎ.ಜೆ. ಗಲಾಂಟೆ ಆ ತಂಡದ ಅಧ್ಯಕ್ಷ, ಜನರಲ್ ಮ್ಯಾನೇಜರ್ ಕೂಡ ಅವನೇ. ಹೈಸ್ಕೂಲು ಆಗಷ್ಟೇ ಮುಗಿಯುತ್ತಿತ್ತು.

ತಂಡದ ಹೆಸರು ಡ್ಯಾನ್‌ಬರಿ ಟ್ರ್ಯಾಷರ್ಸ್. ಅಪ್ಪನದು ಕಸ ಸಾಗಿಸುವ ವ್ಯವಹಾರ. ಹಾಗಾಗಿ ಮಗ ಕಸದ ಹೆಸರನ್ನೇ ಇಟ್ಟ. ಲಾಂಛನದಲ್ಲೂ ಸಿಟ್ಟಿಗೆದ್ದ ಕಸದ ಡಬ್ಬಿ. 2004ರಲ್ಲಿ ಶುರು, 2006ರಲ್ಲಿ ಮುಕ್ತಾಯ. ಬರೀ ಎರಡು ಸೀಸನ್. ಕೊನೆಗೆ ಅಪ್ಪನ ಮೇಲೆ 72 ಆರೋಪಗಳ ಫೆಡರಲ್ ಕೇಸು, ಜೈಲು.

ಈ ಕಥೆ ಹೇಳುವವರೆಲ್ಲ ಹೊಡೆದಾಟದ ಬಗ್ಗೆ ಹೇಳುತ್ತಾರೆ. ಅದು ತಪ್ಪಲ್ಲ, ಹೊಡೆದಾಟ ನಿಜವಾಗಿಯೂ ಭರ್ಜರಿಯಾಗಿಯೇ ಇತ್ತು, ನಾನೂ ಅದಕ್ಕೆ ಬರುತ್ತೇನೆ. ಆದರೆ ನನಗೆ ಈ ಪ್ರಕರಣದಲ್ಲಿ ಕುತೂಹಲ ಹುಟ್ಟಿಸುವುದು ರಕ್ತ ಬಿದ್ದ ಐಸ್ ಅಲ್ಲ, ಪ್ರತಿ ವಾರ ತಂಡದಿಂದ ಲೀಗ್ ಕಚೇರಿಗೆ ಹೋಗುತ್ತಿದ್ದ ಸಂಬಳದ ಪಟ್ಟಿ. ಅದಕ್ಕೇ ಮೊದಲು ದುಡ್ಡಿನ ಲೆಕ್ಕದಿಂದ ಶುರು ಮಾಡೋಣ.

ಉತ್ತರ ಅಮೆರಿಕದ ಹಾಕಿಯಲ್ಲಿ ಎಲ್ಲಕ್ಕಿಂತ ಮೇಲೆ ಇರುವುದು ಎನ್‌ಎಚ್‌ಎಲ್. ಅದರ ಕೆಳಗೆ ಎಎಚ್‌ಎಲ್. ಅದರ ಕೆಳಗೆ ಇಸಿಎಚ್‌ಎಲ್. ಆಗ ಅದಕ್ಕೂ ಒಂದು ಮೆಟ್ಟಿಲು ಕೆಳಗೆ ಅಂತಲೇ ಜನ ಲೆಕ್ಕ ಹಾಕುತ್ತಿದ್ದದ್ದು ಯುಎಚ್‌ಎಲ್, ಅಂದರೆ ಯುನೈಟೆಡ್ ಹಾಕಿ ಲೀಗ್. 1991ರಲ್ಲಿ ಕಲೋನಿಯಲ್ ಹಾಕಿ ಲೀಗ್ ಅಂತ ಶುರುವಾಗಿ 1997ರಲ್ಲಿ ಹೆಸರು ಬದಲಿಸಿಕೊಂಡಿತ್ತು. ಕಪ್‌ನ ಹೆಸರು ಮಾತ್ರ ಕಲೋನಿಯಲ್ ಕಪ್ ಅಂತಲೇ ಉಳಿಯಿತು. ಇಲ್ಲಿನ ಊರುಗಳು ಫ್ಲಿಂಟ್, ಮಸ್ಕೀಗನ್, ಕಲಮಜೂ, ಫೋರ್ಟ್ ವೇನ್, ರಾಕ್‌ಫರ್ಡ್, ಎಲ್ಮೈರಾ. ಬಹುಪಾಲು ಹಳೇ ಕಾರ್ಖಾನೆ ಊರುಗಳು. ಒಂದು ಊರಿಂದ ಇನ್ನೊಂದಕ್ಕೆ ರಾತ್ರಿಯೆಲ್ಲ ಬಸ್ ಪ್ರಯಾಣ. ಡ್ಯಾನ್‌ಬರಿಯಿಂದ ಕಲಮಜೂಗೆ ಸಾವಿರ ಕಿಲೋಮೀಟರ್‌ಗೂ ಜಾಸ್ತಿ. ಬಸ್ಸಿನಲ್ಲೇ ನಿದ್ದೆ, ಬಸ್ಸಿನಲ್ಲೇ ಇಸ್ಪೀಟು, ಇಳಿದ ಮೇಲೆ ಆಟ.

ಇಂಥ ಲೀಗ್‌ನಲ್ಲಿ ಟಿವಿ ದುಡ್ಡು ಅನ್ನುವುದು ಇಲ್ಲವೇ ಇಲ್ಲ ಅಂದರೂ ನಡೆಯುತ್ತದೆ. ಟಿಕೆಟ್, ಬಿಯರ್, ಟಿ ಶರ್ಟ್, ರಿಂಕ್, ಅಂದರೆ ಆಟದ ಐಸ್ ಅಂಗಳದ ಸುತ್ತಲಿನ ಹಲಗೆಗಳ ಮೇಲೆ ಊರಿನ ಕಾರು ಅಂಗಡಿಯವರ ಜಾಹೀರಾತು. ಆದಾಯ ಇಷ್ಟೇ. ಒಬ್ಬ ಮಾಲೀಕ ಕೈ ಬಿಚ್ಚಿ ಖರ್ಚು ಮಾಡಿದರೆ ಪಕ್ಕದ ಊರಿನ ಬಡ ಮಾಲೀಕ ಅವನ ಸಮಕ್ಕೆ ಓಡಲು ಹೋಗಿ ಎರಡೇ ವರ್ಷದಲ್ಲಿ ಬಾಗಿಲು ಹಾಕುತ್ತಾನೆ. ಅವನು ಬಾಗಿಲು ಹಾಕಿದರೆ ಇವನಿಗೆ ಆಡಲು ಎದುರಾಳಿಯೇ ಇಲ್ಲ. ಅದಕ್ಕೇ ಮಾಲೀಕರೆಲ್ಲ ಸೇರಿ ಒಂದು ಮಿತಿ ಹಾಕಿಕೊಳ್ಳುತ್ತಾರೆ. ಐಪಿಎಲ್ ಹರಾಜಿನಲ್ಲಿ ಪರ್ಸ್ ಅಂತಾರಲ್ಲ, ಅದೇ. ಇಲ್ಲಿ ಅದನ್ನು ಸ್ಯಾಲರಿ ಕ್ಯಾಪ್ ಅನ್ನುತ್ತಾರೆ.

ಯುಎಚ್‌ಎಲ್‌ನಲ್ಲಿ ಆ ಮಿತಿ ಒಂದು ಸೀಸನ್‌ಗೆ ಇಡೀ ತಂಡಕ್ಕೆ 2,75,000 ಡಾಲರ್. ಆಗಿನ ರೂಪಾಯಿ ಲೆಕ್ಕದಲ್ಲಿ ಸುಮಾರು ಒಂದೂಕಾಲು ಕೋಟಿ. ದೊಡ್ಡ ಮೊತ್ತ ಅನ್ನಿಸಬಹುದು. ಹಂಚಿ ನೋಡಿ. ಹದಿನೆಂಟು ಆಟಗಾರರು, ಇಪ್ಪತ್ತಾರು ವಾರ ಅಂದುಕೊಂಡರೆ ಒಬ್ಬನಿಗೆ ವಾರಕ್ಕೆ 600 ಡಾಲರ್‌ಗೂ ಕಮ್ಮಿ. ಇರಲು ಮನೆಯನ್ನು ತಂಡ ನೋಡಿಕೊಳ್ಳುತ್ತದೆ, ಅದೊಂದು ಸಮಾಧಾನ. ಬೇಸಿಗೆ ಬಂದರೆ ಸಂಬಳವೂ ಇಲ್ಲ. ಮೂವತ್ತು ದಾಟಿದ, ಹೆಂಡತಿ ಮಕ್ಕಳಿರುವ ಆಟಗಾರ ಈ ದುಡ್ಡಿಗೆ ಮುಖಕ್ಕೆ ಗುದ್ದು ತಿನ್ನುತ್ತಾನೆ ಅಂದರೆ ಅವನಿಗೆ ಹಾಕಿ ಬಿಟ್ಟು ಬೇರೇನೂ ಗೊತ್ತಿಲ್ಲ ಅಂತಲೇ ಅರ್ಥ. ಇದನ್ನು ಮುಂದೆ ಮತ್ತೆ ನೆನೆಯಬೇಕಾಗುತ್ತದೆ.

ಈಗ ಊರು. ಡ್ಯಾನ್‌ಬರಿ ಇರುವುದು ಕನೆಕ್ಟಿಕಟ್ ರಾಜ್ಯದಲ್ಲಿ, ನ್ಯೂಯಾರ್ಕ್‌ ಗಡಿಯ ಪಕ್ಕ. ಒಂದು ಕಾಲದಲ್ಲಿ ಟೋಪಿ ತಯಾರಿಕೆಗೆ ಅಮೆರಿಕಕ್ಕೇ ಹೆಸರಾಗಿದ್ದ ಊರು, ಟೋಪಿ ಊರು ಅಂತಲೇ ಅಡ್ಡಹೆಸರು. ಟೋಪಿಯ ತುಪ್ಪಳ ಹದ ಮಾಡಲು ಪಾದರಸ ಬಳಸುತ್ತಿದ್ದರಿಂದ ಕೆಲಸಗಾರರಿಗೆ ಕೈಕಾಲು ನಡುಕ ಹಿಡಿಯುತ್ತಿತ್ತು, ಆ ರೋಗಕ್ಕೆ ಊರಿನ ಹೆಸರೇ ಅಂಟಿಕೊಂಡಿತ್ತು. ಆಮೇಲೆ ಜನ ಟೋಪಿ ಹಾಕುವುದನ್ನೇ ಬಿಟ್ಟರು. ಕಾರ್ಖಾನೆಗಳು ಹೋದವು. ಹಾಕಿ ವಿಷಯಕ್ಕೆ ಬಂದರೆ, ರಾಜ್ಯದ ಏಕೈಕ ಎನ್‌ಎಚ್‌ಎಲ್ ತಂಡ ಹಾರ್ಟ್‌ಫರ್ಡ್ ವೇಲರ್ಸ್ 1997ರಲ್ಲಿ ಗಂಟುಮೂಟೆ ಕಟ್ಟಿಕೊಂಡು ನಾರ್ತ್ ಕ್ಯಾರೊಲಿನಾಗೆ ಹೋಗಿಬಿಟ್ಟಿತ್ತು. ನಮ್ಮದು ಅಂತ ಕೂಗಲು ಏನಾದರೂ ಒಂದು ಬೇಕಿತ್ತು ಅಂತ ಕಾಣುತ್ತದೆ.

ಆ ಹೊತ್ತಿಗೆ ಸರಿಯಾಗಿ ಬಂದವನು ಜೇಮ್ಸ್ ಗಲಾಂಟೆ. ಆಟೋಮೇಟೆಡ್ ವೇಸ್ಟ್ ಡಿಸ್ಪೋಸಲ್ ಅನ್ನುವ ಕಂಪನಿ ಅವನದು, ಅದರ ಜೊತೆ ಇನ್ನೂ ಹಲವು. ಆ ಭಾಗದ ಅಂಗಡಿ, ಹೋಟೆಲು, ಕಚೇರಿಗಳ ಕಸವೆಲ್ಲ ಹೆಚ್ಚುಕಮ್ಮಿ ಅವನ ಲಾರಿಗಳಲ್ಲೇ ಹೋಗುತ್ತಿತ್ತು. ರೇಸ್ ಕಾರುಗಳನ್ನೂ ಇಟ್ಟುಕೊಂಡಿದ್ದ. ಊರಲ್ಲಿ ದಾನಿ ಅಂತ ಹೆಸರು, ಕೇಳಿದವರಿಗೆ ಇಲ್ಲ ಅನ್ನದ ಮನುಷ್ಯ. ಮಗ ಎ.ಜೆ.ಗೆ ಹಾಕಿ ಹುಚ್ಚು. ಅಪಘಾತದಲ್ಲಿ ಪೆಟ್ಟು ಬಿದ್ದು ತಾನೇ ಆಡುವ ಆಸೆ ಮುಗಿದಿತ್ತು. ಅಪ್ಪ ತಂಡ ತಂದುಕೊಟ್ಟ. ಡ್ಯಾನ್‌ಬರಿಯ ರಿಂಕ್ ಚಿಕ್ಕದು, ಅಲ್ಲಿ ವೃತ್ತಿಪರ ಆಟಕ್ಕೆ ಸಾಕಾಗುವಷ್ಟು ಸೀಟು ಇರಲಿಲ್ಲ. ಸೀಟುಗಳನ್ನೂ ಹಾಕಿಸಿದ.

ಮಗನ ಯೋಚನೆ ಸರಳ. ಒಳ್ಳೇ ಹುಡುಗರ ತಂಡ ಯಾರಿಗೆ ಬೇಕು? ಖಳನಾಯಕರ ತಂಡ ಕಟ್ಟೋಣ. ಬೇರೆ ಊರಿನವರು ದ್ವೇಷಿಸಬೇಕು, ದ್ವೇಷಿಸಲಿಕ್ಕಾದರೂ ಟಿಕೆಟ್ ತಗೋಬೇಕು. ನನಗೆ ಇದು ಹದಿನೇಳರ ಹುಡುಗನ ತಲೆಯಿಂದ ಮಾತ್ರ ಬರಬಹುದಾದ ಯೋಜನೆ ಅನ್ನಿಸುತ್ತದೆ. ವ್ಯವಹಾರದ ದೃಷ್ಟಿಯಿಂದ ನೋಡಿದರೆ ತಪ್ಪೇನೂ ಇರಲಿಲ್ಲ, ನಡೆಯಿತು ಕೂಡ.

ನಡೆಯಲು ಇನ್ನೊಂದು ಕಾರಣವೂ ಇತ್ತು. ಕಾಲ ಕೂಡಿ ಬಂತು. 2004ರ ಸೆಪ್ಟೆಂಬರ್‌ನಲ್ಲಿ ಎನ್‌ಎಚ್‌ಎಲ್ ಮಾಲೀಕರು ಆಟಗಾರರನ್ನು ಹೊರಗಿಟ್ಟು ಬೀಗ ಹಾಕಿದರು. ಜಗಳ ಯಾವುದರ ಬಗ್ಗೆ ಗೊತ್ತಾ? ಸ್ಯಾಲರಿ ಕ್ಯಾಪ್ ಬಗ್ಗೆಯೇ. ಮಾಲೀಕರಿಗೆ ಬೇಕು, ಆಟಗಾರರಿಗೆ ಬೇಡ. 2005ರ ಫೆಬ್ರುವರಿ 16ರಂದು ಆಯುಕ್ತ ಗ್ಯಾರಿ ಬೆಟ್‌ಮನ್ ಇಡೀ ಸೀಸನ್ ರದ್ದು ಅಂತ ಘೋಷಿಸಿದರು. 1,230 ಪಂದ್ಯಗಳು ಹೋದವು. 1919ರ ಫ್ಲೂ ಮಾರಿಯ ನಂತರ, ಎನ್‌ಎಚ್‌ಎಲ್ ಚಾಂಪಿಯನ್ನರಿಗೆ ಕೊಡುವ ಸ್ಟ್ಯಾನ್ಲಿ ಕಪ್ ಯಾರ ಕೈಗೂ ಹೋಗದ ಮೊದಲ ವರ್ಷ ಅದು. ದೊಡ್ಡ ಆಟಗಾರರು ಹಲವರು ಯುರೋಪಿಗೆ ಹೋದರು. ಉಳಿದವರು ಸಿಕ್ಕಲ್ಲಿ ಆಡಿದರು. ಮಿಷಿಗನ್‌ನ ಮೋಟರ್ ಸಿಟಿ ಮೆಕ್ಯಾನಿಕ್ಸ್ ಅನ್ನುವ ಯುಎಚ್‌ಎಲ್ ತಂಡದಲ್ಲಿ ಕ್ರಿಸ್ ಚೆಲಿಯೋಸ್‌ನಂಥ ದಿಗ್ಗಜ ಆಡಿದ. ಡ್ಯಾನ್‌ಬರಿಗೆ ಬಂದವನು ಮೈಕ್ ರಪ್. 2003ರ ಫೈನಲ್‌ನ ಏಳನೇ ಪಂದ್ಯದಲ್ಲಿ ನ್ಯೂಜೆರ್ಸಿ ಡೆವಿಲ್ಸ್ ಪರ ಮೊದಲ ಗೋಲು ಹೊಡೆದವನು, ಪಂದ್ಯ 3-0 ಆದ್ದರಿಂದ ಕಪ್ ಗೆಲ್ಲಿಸಿದ ಗೋಲು ಅಂತ ದಾಖಲೆಯಾಗಿದ್ದು ಅದೇ. ಒಂದೂವರೆ ವರ್ಷದ ಹಿಂದೆ ಸ್ಟ್ಯಾನ್ಲಿ ಕಪ್ ಎತ್ತಿ ಹಿಡಿದ ಕೈ, ಈಗ ಕಸದ ಡಬ್ಬಿಯ ಜೆರ್ಸಿ. ಊರಿನ ಜನಕ್ಕೆ ಹೇಗಾಗಿರಬೇಡ!

ಇನ್ನು ಹೊಡೆದಾಟ.

ಹಾಕಿ ನೋಡದವರಿಗೆ ಒಂದು ಮಾತು ಹೇಳಬೇಕು. ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿಯಲ್ಲಿ ಹೊಡೆದಾಡಿದರೆ ಸಾಮಾನ್ಯವಾಗಿ ಆಟದಿಂದಲೇ ಓಡಿಸುವುದಿಲ್ಲ. ಐದು ನಿಮಿಷ ಪೆನಾಲ್ಟಿ ಬಾಕ್ಸ್‌ನಲ್ಲಿ ಕೂರಿಸುತ್ತಾರೆ. ಸಣ್ಣ ತಪ್ಪಿಗೆ ಎರಡು ನಿಮಿಷ. ಸಣ್ಣ ತಪ್ಪು ಮಾಡಿದರೆ ನಿಮ್ಮ ತಂಡದಲ್ಲಿ ಒಬ್ಬ ಕಮ್ಮಿ, ಎದುರಾಳಿಗೆ ಅದು ಪವರ್ ಪ್ಲೇ. (ನಮ್ಮ ಕ್ರಿಕೆಟ್‌ನ ಪವರ್ ಪ್ಲೇಗೂ ಇದಕ್ಕೂ ಹೆಸರು ಬಿಟ್ಟರೆ ಸಂಬಂಧ ಇಲ್ಲ.) ಆದರೆ ಇಬ್ಬರು ಗ್ಲೌಸ್ ಬಿಸಾಕಿ ಗುದ್ದಾಡಿದರೆ? ಇಬ್ಬರಿಗೂ ಐದೈದು ನಿಮಿಷ. ಇಬ್ಬರೂ ಒಳಗೆ ಹೋದರು, ಲೆಕ್ಕ ಚುಕ್ತಾ, ಐಸ್ ಮೇಲೆ ಎರಡೂ ಕಡೆ ಮೊದಲಿನಷ್ಟೇ ಜನ. ಅಂದರೆ ಕೋಲಿನಿಂದ ಒಬ್ಬನ ಕಾಲು ತೊಡರಿಸಿದರೆ ತಂಡಕ್ಕೆ ನಷ್ಟ, ಅವನ ದವಡೆಗೆ ಹೊಡೆದು ಅವನೂ ತಿರುಗಿ ಹೊಡೆದರೆ ತಂಡಕ್ಕೆ ಏನೂ ನಷ್ಟ ಇಲ್ಲ. ಜನ ಎದ್ದು ನಿಂತು ಚಪ್ಪಾಳೆ ಬೇರೆ. ಕಾಸಿಲ್ಲದ ಮನರಂಜನೆ. ರೆಫರಿಯ ಸಹಾಯಕರಾದ ಲೈನ್ಸ್‌ಮನ್‌ಗಳು ಕೂಡ ಒಬ್ಬ ಕೆಳಗೆ ಬೀಳುವ ತನಕ, ಇಲ್ಲ ಇಬ್ಬರೂ ಸುಸ್ತಾಗುವ ತನಕ ಪಕ್ಕದಲ್ಲಿ ನಿಂತು ಕಾಯುತ್ತಾರೆ.

ಇದಕ್ಕೆಂದೇ ಇರುವ ಆಟಗಾರರನ್ನು ಎನ್‌ಫೋರ್ಸರ್ ಅನ್ನುತ್ತಾರೆ. ಬೇರೆ ತಂಡಗಳಲ್ಲಿ ಒಬ್ಬರೋ ಇಬ್ಬರೋ. ಎ.ಜೆ. ಗುಂಪನ್ನೇ ಕೂಡಿಸಿದ. ವಿಂಗ್‌ನಟ್ ಅಂತ ಅಡ್ಡಹೆಸರಿದ್ದ ಬ್ರ್ಯಾಡ್ ವಿಂಗ್‌ಫೀಲ್ಡ್, ಕೆಳ ಲೀಗ್‌ಗಳಲ್ಲಿ ಅವನ ಹೆಸರು ಕೇಳಿದರೇ ಎದುರಾಳಿಗಳು ಹುಷಾರಾಗುತ್ತಿದ್ದರು. ನೈಜೀರಿಯಾದಲ್ಲಿ ಹುಟ್ಟಿ ಎನ್‌ಎಚ್‌ಎಲ್‌ವರೆಗೂ ಹೋಗಿ ಬಂದಿದ್ದ ರುಮುನ್ ಎನ್‌ಡುರ್. ಗ್ಯಾರೆಟ್ ಬರ್ನೆಟ್, ಅವನೂ ಎನ್‌ಎಚ್‌ಎಲ್ ಕಂಡವನೇ. ಕೋಚ್ ಟಾಡ್ ಸ್ಟರ್ಲಿಂಗ್. ಮೊದಲ ಸೀಸನ್‌ನಲ್ಲಿ ತಂಡದ ಒಟ್ಟು ಪೆನಾಲ್ಟಿ 2,700 ನಿಮಿಷ ದಾಟಿತು. ಪಂದ್ಯಕ್ಕೆ ಸರಾಸರಿ ಅರ್ಧ ಗಂಟೆಗೂ ಮೀರಿ. ಪಂದ್ಯ ಇರುವುದೇ 60 ನಿಮಿಷ! ಆ ಸೀಸನ್ ಪೂರ್ತಿ ಆಡುವ ಭಾಗ್ಯ ವಿಂಗ್‌ಫೀಲ್ಡ್‌ಗೆ ಸಿಗಲಿಲ್ಲ, ಕಾಲು ಮುರಿದುಕೊಂಡು ಮೂಲೆ ಸೇರಿದ. ಇಂಥವರನ್ನು ಕುರಿತು ಬರೆಯುವಾಗ ನಾವು ನಗುತ್ತಾ ಬರೆಯುತ್ತೇವೆ, ಆ ಕಾಲು ಮಾತ್ರ ನಿಜವಾದದ್ದೇ.

ಪ್ರೇಕ್ಷಕರಲ್ಲಿ 102ನೇ ಸೆಕ್ಷನ್ ಅಂತ ಒಂದು ಇತ್ತು. ಗಲಾಟೆಯ ಗುಂಪು. ಅವರು ಎದುರಾಳಿಗಳನ್ನು ಬೈಯುತ್ತಿದ್ದ ರೀತಿಗೇ ತಂಡದಷ್ಟು ಹೆಸರು ಬಂತು. ಸಣ್ಣ ರಿಂಕ್, ಗಾಜಿನ ಪಕ್ಕದಲ್ಲೇ ಜನ, ಬೈದದ್ದೆಲ್ಲ ಆಟಗಾರನ ಕಿವಿಗೆ ಸೀದಾ. ಜೇಮ್ಸ್ ಗಲಾಂಟೆಯೂ ಸುಮ್ನೆ ಕೂತು ನೋಡುವ ಮಾಲೀಕನಲ್ಲ. ಮೊದಲ ಸೀಸನ್‌ನಲ್ಲೇ ಲೈನ್ಸ್‌ಮನ್ ಒಬ್ಬನನ್ನು ಹೊಡೆದ ಆರೋಪ ಬಂದು ಪೊಲೀಸ್ ಕೇಸಾಯಿತು. ಆಟಗಾರರು ಹೊಡೆದಾಡುವುದು ಸರಿ, ಮಾಲೀಕನೇ?

ಸರಿ, ಈಗ ಸಂಬಳದ ಪಟ್ಟಿಗೆ ಬರೋಣ. ಇಷ್ಟು ಒಳ್ಳೆಯ, ಇಷ್ಟು ಅನುಭವದ, ಇಷ್ಟು ಕುಖ್ಯಾತ ಆಟಗಾರರು ವಾರಕ್ಕೆ ಆರುನೂರು ಡಾಲರ್‌ಗೆ ಡ್ಯಾನ್‌ಬರಿಗೇ ಯಾಕೆ ಬಂದರು? ಬೇರೆ ಮಾಲೀಕರಿಗೆ ಈ ಪ್ರಶ್ನೆ ಬಂದಿರಲೇಬೇಕು. ಲೀಗ್ ನಿಯಮದ ಪ್ರಕಾರ ಪ್ರತಿ ತಂಡವೂ ಯಾರಿಗೆ ಎಷ್ಟು ಕೊಟ್ಟೆ ಅಂತ ವಾರವಾರ ವರದಿ ಕಳಿಸಬೇಕು. ಡ್ಯಾನ್‌ಬರಿಯ ವರದಿಯಲ್ಲಿ ಎಲ್ಲವೂ ಮಿತಿಯ ಒಳಗೇ ಇರುತ್ತಿತ್ತು. ಆದರೆ ಕೆಲವು ಆಟಗಾರರು, ಕೆಲವರ ಹೆಂಡತಿಯರು ಗಲಾಂಟೆಯ ಕಸದ ಕಂಪನಿಗಳ ನೌಕರರ ಪಟ್ಟಿಯಲ್ಲೂ ಇದ್ದರು. ಕೆಲಸ ಮಾತ್ರ ಇಲ್ಲ. ಹಾಜರಿಯೂ ಬೇಕಿಲ್ಲ. ನಮ್ಮಲ್ಲಿ ಹಾಜರಿ ಪುಸ್ತಕದಲ್ಲಿ ಮಾತ್ರ ಬದುಕಿರುವ ನೌಕರರ ಬಗ್ಗೆ ಓದುತ್ತೇವಲ್ಲ, ಅದೇ ಜಾತಿ. ತನಿಖೆಯ ಪ್ರಕಾರ, 2,75,000 ಡಾಲರ್ ಮಿತಿಯ ಜಾಗದಲ್ಲಿ ನಿಜವಾಗಿ ಖರ್ಚಾದದ್ದು ಸುಮಾರು 7,50,000. ಹತ್ತಿರ ಹತ್ತಿರ ಮೂರು ಪಟ್ಟು.

ಆಟಗಾರರನ್ನು ನಾನು ದೂರಲಾರೆ. ಆರುನೂರು ಡಾಲರ್‌ಗೆ ದವಡೆ ಒಡ್ಡುವವನಿಗೆ ಒಬ್ಬ ಬಂದು ನಿನ್ನ ಹೆಂಡತಿಗೂ ಒಂದು ಸಂಬಳ ಹಾಕುತ್ತೇನೆ ಅಂದರೆ ಅವನು ನಿಯಮದ ಪುಸ್ತಕ ತೆರೆದು ಕೂರುತ್ತಾನಾ?

ತಮಾಷೆ ನೋಡಿ, ಇಷ್ಟೆಲ್ಲ ಮಾಡಿಯೂ ಆ ವರ್ಷ ಕಪ್ ಬರಲಿಲ್ಲ. ಕಲೋನಿಯಲ್ ಕಪ್ ಮಸ್ಕೀಗನ್ ಫ್ಯೂರಿಗೆ ಹೋಯಿತು. ಅವರು ಹಿಂದಿನ ವರ್ಷವೂ ಗೆದ್ದಿದ್ದವರೇ.

ಈಗ ಕಸದ ವ್ಯವಹಾರದ ಒಳಗೆ ಏನು ನಡೆಯುತ್ತಿತ್ತು ನೋಡಬೇಕು, ಯಾಕೆಂದರೆ ಎಫ್‌ಬಿಐ ಅಲ್ಲಿಂದಲೇ ಬಂದದ್ದು, ಹಾಕಿಗಾಗಿ ಅಲ್ಲ. ಆ ಭಾಗದ ಕಸ ಸಾಗಣೆದಾರರ ನಡುವೆ ಒಂದು ಕಟ್ಟುಪಾಡು ಇತ್ತು. ಒಬ್ಬ ಗ್ರಾಹಕ ಯಾರ ಪಾಲಿಗೆ ಬಂದಿದ್ದಾನೋ ಅವನು ಅವರ ಸ್ವತ್ತು. ಆ ಹೋಟೆಲಿನ ಕಸ ನಾನು ಎತ್ತುತ್ತಿದ್ದರೆ ನೀನು ಅಲ್ಲಿ ಹೋಗಿ ಕಮ್ಮಿ ದರ ಹೇಳಬಾರದು. ಹೇಳಿದರೆ ಹಿಂದೆ ಸರಿ ಅಂತ ಹೇಳಿಸುತ್ತಾರೆ. ಗ್ರಾಹಕ ಬೇರೆಯವರನ್ನು ಕೇಳಿ ನೋಡೋಣ ಅಂತ ಫೋನ್ ಮಾಡಿದರೆ ಬೇಕಂತಲೇ ಜಾಸ್ತಿ ದರ ಹೇಳಿ ಕಳಿಸುತ್ತಾರೆ. ಜಗಳ ಬಂದರೆ ಪಂಚಾಯ್ತಿ ಮಾಡಲು, ಹೊರಗಿನವರು ಒಳಗೆ ಬರದಂತೆ ನೋಡಿಕೊಳ್ಳಲು ನ್ಯೂಯಾರ್ಕ್‌ನ ಜೆನೊವೀಸ್ ಮಾಫಿಯಾ ಕುಟುಂಬ. ಅದರ ಮುಖ್ಯಸ್ಥನ ಸ್ಥಾನದಲ್ಲಿದ್ದ ಮ್ಯಾಥ್ಯೂ ಇಯಾನಿಯೆಲ್ಲೊ ಎಂಬ ಎಂಬತ್ತು ದಾಟಿದ ಮುದುಕನಿಗೆ ಮೂರು ತಿಂಗಳಿಗೊಮ್ಮೆ 30,000 ಡಾಲರ್ ಹೋಗುತ್ತಿತ್ತು. ವರ್ಷಕ್ಕೆ 1,20,000. ಕೊನೆಗೆ ಅದು ಬರುತ್ತಿದ್ದದ್ದು ಕಸ ಎತ್ತಿಸಲು ಜಾಸ್ತಿ ದುಡ್ಡು ಕೊಡುತ್ತಿದ್ದ ಅಂಗಡಿಯವನ ಜೇಬಿನಿಂದ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಸದಲ್ಲಿ ಗಲಾಂಟೆ ಮತ್ತು ಜೊತೆಯವರ ಒಪ್ಪಂದ ಏನು? ಒಬ್ಬರ ಗ್ರಾಹಕನನ್ನು ಇನ್ನೊಬ್ಬರು ಕಮ್ಮಿ ದರ ಕೊಟ್ಟು ಸೆಳೆಯಬಾರದು. ಹಾಕಿಯಲ್ಲಿ ಮಾಲೀಕರ ಒಪ್ಪಂದ ಏನು? ಆಟಗಾರರನ್ನು ಮಿತಿ ಮೀರಿದ ಸಂಬಳ ಕೊಟ್ಟು ಸೆಳೆಯಬಾರದು. ಎರಡೂ ಪೈಪೋಟಿಗೆ ಬೇಲಿ ಹಾಕುವ ಒಪ್ಪಂದಗಳೇ. ಒಂದು ಅಪರಾಧ, ಇನ್ನೊಂದು ಲೀಗ್‌ನ ನಿಯಮಾವಳಿ. ಕಾನೂನಿಗೆ ಇವೆರಡೂ ಬೇರೆ ಬೇರೆ, ಬೇರೆ ಆಗಿರಲು ಕಾರಣಗಳೂ ಇವೆ. ಕಸದವರಲ್ಲಿ ಒಬ್ಬ ಮುಳುಗಿದರೆ ಇನ್ನೊಬ್ಬನಿಗೆ ಹಬ್ಬ, ಹಾಕಿಯಲ್ಲಿ ಒಬ್ಬ ಮುಳುಗಿದರೆ ಆಡಲು ಜೊತೆಯೇ ಇಲ್ಲ. ಒಂದರಲ್ಲಿ ಹಿಂದೆ ಮಾಫಿಯಾ, ಇನ್ನೊಂದರಲ್ಲಿ ಬರೀ ದಂಡ. ಆದರೂ ಈ ಮನುಷ್ಯನ ಬದುಕಿನಲ್ಲಿ ಅವು ಹೇಗೆ ಕೂತಿದ್ದವು ನೋಡಿ: ಅಪರಾಧದ ಒಪ್ಪಂದವನ್ನು ಮೂರು ತಿಂಗಳಿಗೊಮ್ಮೆ ತಪ್ಪದೆ ದುಡ್ಡು ಕಟ್ಟಿ ಉಳಿಸಿಕೊಂಡ, ನ್ಯಾಯವಾದ ಒಪ್ಪಂದವನ್ನು ವಾರವಾರ ಮುರಿದ. ಪೈಪೋಟಿಯೇ ಇಲ್ಲದ ಕಡೆ ಬಂದ ದುಡ್ಡನ್ನು ತಂದು, ಪೈಪೋಟಿ ಮಾಡಲಾಗದ ಬಡ ಮಾಲೀಕರ ಮೇಲೆ ಸುರಿದ. ಹೊಡೆದಾಟದ ಕಥೆ ಹೇಳುವವರು ಈ ಕೊಂಡಿಯನ್ನು ಬಿಟ್ಟುಬಿಡುತ್ತಾರೆ. ನನಗೆ ಇಡೀ ಪ್ರಕರಣವೇ ಇದು.

2005ರ ಬೇಸಿಗೆಯಲ್ಲಿ, ಎರಡು ಸೀಸನ್‌ಗಳ ನಡುವೆ, ಗಲಾಂಟೆಯ ಕಚೇರಿಗಳ ಮೇಲೆ ಎಫ್‌ಬಿಐ ದಾಳಿ ಆಯಿತು. ಅಷ್ಟರಲ್ಲಾಗಲೇ ಫೋನುಗಳನ್ನು ಕದ್ದು ಕೇಳಿಸಿಕೊಂಡಿದ್ದರು. ಕಸದ ಸಂಚು ಹಿಡಿಯಲು ಕೂತವರ ಕಿವಿಗೆ ಆಟಗಾರರ ಸಂಬಳದ ಮಾತೂ ಬಿತ್ತು.

ಬೇರೆ ಯಾರಾದರೂ ಆಗಿದ್ದರೆ ತಂಡ ಅಲ್ಲಿಗೇ ನಿಲ್ಲುತ್ತಿತ್ತು. ಇವರು ಎರಡನೇ ಸೀಸನ್ ಆಡಿದರು, ಅದೂ ಮೊದಲಿಗಿಂತ ಚೆನ್ನಾಗಿ. ಕೋಚ್ ಬದಲಾದ, ಪಾಲ್ ಗಿಲ್ಲಿಸ್ ಬಂದ. ಗುದ್ದಾಡುವವರು ಇನ್ನೂ ಇದ್ದರು. ಕೆನಡಾದ ಸಸ್ಕಾಚೆವಾನ್‌ನ ಕ್ರೀ ಎಂಬ ಮೂಲನಿವಾಸಿ ಸಮುದಾಯದ ಜಾನ್ ಮಿರಾಸ್ಟಿ ಸೇರಿಕೊಂಡದ್ದು ಆಗಲೇ, ಎತ್ತರ ಕಮ್ಮಿ, ಎದೆಗಾರಿಕೆ ವಿಪರೀತ. ಆದರೆ ಈ ಸಲ ಗೋಲು ಹೊಡೆಯುವವರೂ ಜಾಸ್ತಿ ಇದ್ದರು. 2006ರಲ್ಲಿ ತಂಡ ಫೈನಲ್‌ಗೆ ಹೋಯಿತು. ಎದುರಾಳಿ ಕಲಮಜೂ ವಿಂಗ್ಸ್. ಸೇಂಟ್ ಪ್ಯಾಟ್ರಿಕ್ ಹಬ್ಬಕ್ಕೆ ರಿಂಕ್‌ನ ಐಸ್‌ಗೇ ಹಸಿರು ಬಣ್ಣ ಹಾಕಿ ಆಡಿಸುವ ಊರು ಅದು, 1980ರ ದಶಕದಿಂದ ಆ ಸಂಪ್ರದಾಯ ಇದೆ. ಏಳು ಪಂದ್ಯಗಳ ಸರಣಿಯಲ್ಲಿ ಐದನೇ ಪಂದ್ಯಕ್ಕೇ ಮುಗಿಯಿತು, ಡ್ಯಾನ್‌ಬರಿಗೆ ಒಂದೇ ಗೆಲುವು. ಅದೇ ಅವರ ಕೊನೆಯ ಆಟ.

ಕೆಲವೇ ವಾರ ಕಳೆದು, 2006ರ ಜೂನ್‌ನಲ್ಲಿ ದೋಷಾರೋಪ ಪಟ್ಟಿ ಬಂತು. 29 ಜನರ ಹೆಸರು, ಅದರಲ್ಲಿ ಗಲಾಂಟೆ ಒಬ್ಬನ ಮೇಲೇ 72 ಆರೋಪ. ತಂಡ ಅಲ್ಲಿಗೆ ಮುಚ್ಚಿತು.

ಸ್ಯಾಲರಿ ಕ್ಯಾಪ್ ಮೀರುವುದು ತನ್ನಷ್ಟಕ್ಕೆ ತಾನೇ ಅಪರಾಧ ಅಲ್ಲ. ಲೀಗ್ ದಂಡ ಹಾಕಬಹುದು, ತಂಡವನ್ನು ಹೊರಗೆ ಹಾಕಬಹುದು, ಅಷ್ಟೇ. 2010ರಲ್ಲಿ ರವೀಂದ್ರ ಜಡೇಜಾ ಬೇರೆ ತಂಡದ ಜೊತೆ ಸಂಬಳದ ಮಾತುಕತೆ ನಡೆಸಿದ್ದಕ್ಕೆ ಐಪಿಎಲ್ ಒಂದು ಸೀಸನ್ ಹೊರಗಿಟ್ಟಿತಲ್ಲ, ಪೊಲೀಸರು ಬರಲಿಲ್ಲ. ಹಾಗಾದರೆ ಇದು ಫೆಡರಲ್ ಅಪರಾಧ ಆದದ್ದು ಹೇಗೆ? ಆ ವಾರದ ವರದಿಯಿಂದ. ಸುಳ್ಳು ಲೆಕ್ಕವನ್ನು ಫ್ಯಾಕ್ಸೋ ಇಮೇಲೋ ಮಾಡಿ ಬೇರೆ ರಾಜ್ಯದಲ್ಲಿದ್ದ ಲೀಗ್ ಕಚೇರಿಗೆ ಕಳಿಸಿದ್ದರು. ಮೋಸದ ಉದ್ದೇಶಕ್ಕೆ ರಾಜ್ಯದ ಗಡಿ ದಾಟಿ ತಂತಿ ಸಂಪರ್ಕ ಬಳಸಿದರೆ ಅಮೆರಿಕದಲ್ಲಿ ಅದು ವೈರ್ ಫ್ರಾಡ್. ಹೊಡೆದಾಟ ಅಷ್ಟು ನಡೆದರೂ ಐಸ್ ಮೇಲಿನ ಒಂದು ಗುದ್ದೂ ಈ ಕೇಸಿನಲ್ಲಿ ಲೆಕ್ಕಕ್ಕೆ ಬರಲಿಲ್ಲ, ಬಂದದ್ದು ಒಂದು ಹಾಳೆ.

ಇಷ್ಟು ಸಣ್ಣ ಲೀಗ್‌ನ ಸಂಬಳದ ಲೆಕ್ಕಕ್ಕೆ ಸರ್ಕಾರ ಯಾಕೆ ತಲೆ ಕೆಡಿಸಿಕೊಂಡಿತು, ಅತಿ ಆಯಿತು ಅನ್ನುವವರು ಇದ್ದಾರೆ. ಡ್ಯಾನ್‌ಬರಿಯಲ್ಲಂತೂ ಬಹಳ. ಅವರ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಹಾಕಿ ಒಂದೇ ಆಗಿದ್ದರೆ ಯಾರೂ ತಿರುಗಿಯೂ ನೋಡುತ್ತಿರಲಿಲ್ಲ. ದೊಡ್ಡ ಕೇಸಿಗೆ ಬಾಲದ ಹಾಗೆ ಇದೂ ಸೇರಿತು. ಆದರೆ ನಷ್ಟ ಯಾರಿಗೂ ಆಗಲಿಲ್ಲ ಅಂದರೆ ನಾನು ಒಪ್ಪುವುದಿಲ್ಲ. ನಿಯಮಕ್ಕೆ ಕಟ್ಟುಬಿದ್ದು ಎರಡು ಲಕ್ಷ ಎಪ್ಪತ್ತೈದು ಸಾವಿರದಲ್ಲೇ ತಂಡ ನಡೆಸಿ, ಡ್ಯಾನ್‌ಬರಿಗೆ ರಾತ್ರಿಯೆಲ್ಲ ಬಸ್ಸಿನಲ್ಲಿ ಬಂದು, ಸೋತು, ಏಟು ತಿಂದು, 102ನೇ ಸೆಕ್ಷನ್‌ನ ಬೈಗುಳ ಕೇಳಿಸಿಕೊಂಡು ವಾಪಸ್ ಹೋದ ತಂಡಗಳಿದ್ದವಲ್ಲ. ಅವರ ಪರವಾಗಿ ಮಾತಾಡಲು ಊರಲ್ಲಿ ಯಾರೂ ಇರಲಿಲ್ಲ.

ಗಲಾಂಟೆ 2008ರಲ್ಲಿ ತಪ್ಪೊಪ್ಪಿಕೊಂಡ. ಮೂರು ಆರೋಪ: ಸಂಘಟಿತ ಅಪರಾಧದ ಸಂಚು, ತೆರಿಗೆ ಇಲಾಖೆಗೆ ಮೋಸ ಮಾಡುವ ಸಂಚು, ವೈರ್ ಫ್ರಾಡ್ ಸಂಚು. ಈ ಮೂರನೆಯದೇ ಹಾಕಿ. 87 ತಿಂಗಳ ಶಿಕ್ಷೆ, ಅಂದರೆ ಏಳು ವರ್ಷ ಮೂರು ತಿಂಗಳು. ಇಪ್ಪತ್ತೈದು ವ್ಯವಹಾರಗಳಲ್ಲಿದ್ದ ಅವನ ಪಾಲನ್ನು ಸರ್ಕಾರ ವಶಕ್ಕೆ ತಗೊಂಡಿತು. ಅವುಗಳನ್ನು ಮಾರುವ ತನಕ ಅಮೆರಿಕದ ಮಾರ್ಷಲ್ ಸೇವೆಯೇ ನಡೆಸಿತು, ಅಂದರೆ ಕೈದಿಗಳನ್ನು ಸಾಗಿಸುವ, ತಲೆಮರೆಸಿಕೊಂಡವರನ್ನು ಹಿಡಿಯುವ ಇಲಾಖೆಯವರು ಕೆಲವು ಕಾಲ ಕಸದ ಲಾರಿಗಳನ್ನೂ ಓಡಿಸಿದರು. ಇಯಾನಿಯೆಲ್ಲೊಗೆ ಈ ಕೇಸಿನಲ್ಲಿ ಎರಡು ವರ್ಷ. ಮಗ ಎ.ಜೆ. ಮೇಲೆ ಕೇಸು ಆಗಲಿಲ್ಲ. ಅವನು ಆಮೇಲೆ ಅದೇ ಊರಲ್ಲಿ ಬಾಕ್ಸಿಂಗ್ ಕ್ಲಬ್ ನಡೆಸತೊಡಗಿದ. ಬೇರೇನು ನಡೆಸುತ್ತಾನೆ!

ಲೀಗ್ ಕಥೆ ಸಣ್ಣದು. 2007ರಲ್ಲಿ ಇಂಟರ್‌ನ್ಯಾಷನಲ್ ಹಾಕಿ ಲೀಗ್ ಅಂತ ಹಳೇ ದೊಡ್ಡ ಹೆಸರು ಇಟ್ಟುಕೊಂಡು ನೋಡಿತು, 2010ರಲ್ಲಿ ಮುಗಿಯಿತು. ಉಳಿದ ತಂಡಗಳಲ್ಲಿ ಕೆಲವು ಸೆಂಟ್ರಲ್ ಹಾಕಿ ಲೀಗ್‌ಗೆ ಹೋದವು. ಇದಕ್ಕೆ ಡ್ಯಾನ್‌ಬರಿಯೇ ಕಾರಣ ಅಂದರೆ ತಪ್ಪಾಗುತ್ತದೆ. ಇಂಥ ಲೀಗ್‌ಗಳು ಹುಟ್ಟುವುದೂ ಸಾಯುವುದೂ ಅಲ್ಲಿ ಮಾಮೂಲು, ಗಲಾಂಟೆ ಇಲ್ಲದಿದ್ದರೂ ಹಲವು ತಂಡಗಳು ಸಾಲದಲ್ಲೇ ಇದ್ದವು.

ಡ್ಯಾನ್‌ಬರಿಯ ರಿಂಕ್ ಖಾಲಿ ಉಳಿಯಲಿಲ್ಲ. ಮ್ಯಾಡ್ ಹ್ಯಾಟರ್ಸ್ ಬಂತು, ಒಂದೇ ಸೀಸನ್. ವೇಲರ್ಸ್ ಅಂತ ಒಂದು ತಂಡ 2010ರಲ್ಲಿ ಬಂದು ಐದು ವರ್ಷ ಆಡಿತು. ಆಮೇಲೆ ಟೈಟನ್ಸ್, ಎರಡು ಸೀಸನ್. 2019ರಿಂದ ಹ್ಯಾಟ್ ಟ್ರಿಕ್ಸ್. ಹೆಸರಿನಲ್ಲಿ ಮತ್ತೆ ಟೋಪಿ ಬಂತು ನೋಡಿ. ಇದು ಯುಎಚ್‌ಎಲ್‌ಗಿಂತಲೂ ಸಣ್ಣದಾದ ಫೆಡರಲ್ ಪ್ರಾಸ್ಪೆಕ್ಟ್ಸ್ ಲೀಗ್‌ನ ತಂಡ. 2023ರಲ್ಲಿ ಅವರು ಆ ಲೀಗ್‌ನ ಕಪ್ ಗೆದ್ದರು. ಟ್ರ್ಯಾಷರ್ಸ್ ಅಷ್ಟು ದುಡ್ಡು ಸುರಿದೂ ಒಂದು ಕಪ್ಪೂ ತರದ ಅದೇ ಕಟ್ಟಡ. ಆದರೂ ಊರಿನ ಹಳಬರನ್ನು ಹಾಕಿ ಬಗ್ಗೆ ಕೇಳಿದರೆ ಅವರು ಮೊದಲು ಎತ್ತುವುದು ಆ ಕಸದ ಡಬ್ಬಿಯ ಮಾತನ್ನೇ.